ಗುಮ್ಮಟದ ನೆತ್ತಿ ಬಿಚ್ಚಿದ್ದು

ಕೊಳ್ಳೇಗಾಲದಿಂದ ಹನೂರಿಗೆ ಹೋಗುವ ರಸ್ತೆಯಲ್ಲಿ, ಅಂಗಡಿ ಸಾಲುಗಳು ಮುಗಿದು ಜೋಳದ ಹೊಲಗಳು ಶುರುವಾದ ಮೇಲೆ, ಬಲಗಡೆಗೆ ಒಂದು ಸಣ್ಣ ಗುಮ್ಮಟ ಕಾಣುತ್ತದೆ. ಬಸ್ಸಿನಲ್ಲಿ ಹೋಗುವ ಕೆಲವರು ಅದೇನೆಂದು ಗೊತ್ತಿಲ್ಲದಿದ್ದರೂ ಇರಲಿ ಎಂದು ಕೈ ಮುಗಿಯುತ್ತಾರೆ. ಅದು ದೇವಸ್ಥಾನವಲ್ಲ, ದರ್ಗಾವೂ ಅಲ್ಲ. ಕಾಲು ನೋವಿನವರು ಬಿಸಿನೀರಿನಲ್ಲಿ ಕಾಲಿಟ್ಟು ಕೂರುವ ಜಾಗ. ಕಟ್ಟಿದವನು ನಾನು. ಯಳಂದೂರಿನಿಂದ ಕೆಲಸಕ್ಕೆಂದು ಆ ಕಡೆ ಹೋದಾಗಲೆಲ್ಲ ಬೈಕಿನ ವೇಗ ತಗ್ಗಿಸಿ ಒಮ್ಮೆ ನೋಡುತ್ತೇನೆ. ನಿಂತಿದೆ. ಆಮೇಲೆ ಗೇರು ಹಾಕುತ್ತೇನೆ.

ನಾನು ಓದಿದ್ದು ಆರನೇ ಕ್ಲಾಸು. ಅದಾದ ಮೇಲೆ ಅಪ್ಪನ ಜೊತೆ ಗಾರೆ ಕೆಲಸಕ್ಕೆ ಇಳಿದೆ. ಹಾಗಂತ ಯಾರೂ ಕನಿಕರ ಪಡಬೇಕಾಗಿಲ್ಲ. ಸುಣ್ಣದ ಗಾರೆ ಅರೆದು, ಬೆಲ್ಲದ ನೀರು, ಅಳಲೆಕಾಯಿ ನೀರು ಹದವಾಗಿ ಹಾಕಿ, ಒಂದು ಸರಳು ಕಬ್ಬಿಣವಿಲ್ಲದೆ ಇಟ್ಟಿಗೆಯ ಗುಮ್ಮಟ ಎತ್ತಬಲ್ಲವರು ಈ ಮೂರು ತಾಲ್ಲೂಕಿನಲ್ಲಿ ಈಗ ನಾಲ್ಕೈದು ಜನ ಇದ್ದರೆ ಹೆಚ್ಚು. ಅವರಲ್ಲಿ ನಾನೊಬ್ಬ. ಸಿಮೆಂಟು ಬಂದ ಮೇಲೆ ನಾನೂ ಚೌಕ ಚೌಕದ ಮನೆಗಳನ್ನೇ ಕಟ್ಟಿ ಹೊಟ್ಟೆ ಹೊರೆದೆ. ಆದರೆ ಅಪ್ಪ ಕಲಿಸಿದ ಕೆಲಸವನ್ನು ಕೈ ಮರೆತಿರಲಿಲ್ಲ.

ಅದಕ್ಕೇ ಡಾಕ್ಟರಮ್ಮ ನನ್ನನ್ನು ಹುಡುಕಿಕೊಂಡು ಬಂದರು. ಸರ್ಕಾರಿ ಕೆಲಸದಿಂದ ನಿವೃತ್ತರಾದವರು. ಗದ್ದೆಯಲ್ಲಿ, ಗೂಡಂಗಡಿಯಲ್ಲಿ, ಮಗ್ಗದ ಗುಂಡಿಯಲ್ಲಿ ಕಾಲು ಸವೆಸಿದವರಿಗೆಂದು ನೀರಿನ ಚಿಕಿತ್ಸೆಯ ಒಂದು ಚಿಕ್ಕ ಕಟ್ಟಡ ಮಾಡಬೇಕೆಂದು ಅವರ ಆಸೆ. ಅವರ ಕೈಯಲ್ಲೊಂದು ದಪ್ಪ ಪುಸ್ತಕವಿತ್ತು. ಯುರೋಪಿನಲ್ಲಿ ಬೆಟ್ಟಗಳ ನಡುವೆ ಒಂದು ಹಳೆಯ ಊರಂತೆ. ಹೆಸರು ಅವರು ಹತ್ತು ಸಲ ಹೇಳಿಕೊಟ್ಟರು, ನನ್ನ ನಾಲಿಗೆಗೆ ಹೊರಳಲಿಲ್ಲ. ಅಲ್ಲಿ ನೆಲದೊಳಗಿಂದ ತಾನೇ ಬಿಸಿನೀರು ಉಕ್ಕುತ್ತದೆ. ನೂರಾರು ವರ್ಷದಿಂದ ರಾಜರು, ರಾಣಿಯರು, ಮೈಕೈ ನೋವಿನ ಸಾಹುಕಾರರು ಅಲ್ಲಿಗೆ ಹೋಗಿ ಮಿಂದು ಬರುತ್ತಾರೆ. ಡಾಕ್ಟರಮ್ಮ ಒಂದು ಸಲ ಹೋಗಿ ಹತ್ತು ದಿನ ಇದ್ದು ಬಂದಿದ್ದರು.

ನಾನು ಪುಸ್ತಕವನ್ನು ಜಗಲಿ ಮೇಲೆ ಹರಡಿಕೊಂಡು ಒಂದೊಂದೇ ಹಾಳೆ ತಿರುವಿದೆ. ಅಕ್ಷರ ನನಗೆ ಬೇಕಿರಲಿಲ್ಲ. ಚಿತ್ರಗಳೇ ಮಾತಾಡುತ್ತಿದ್ದವು. ಒಂದು ಉದ್ದದ ಕಂಬಸಾಲು, ನೂರಕ್ಕಿಂತ ಕಡಿಮೆ ಕಂಬ ಇರಲಾರದು. ಅದರ ನೆರಳಲ್ಲಿ ಜನ ಚಿಕ್ಕ ಪಿಂಗಾಣಿ ಲೋಟ ಹಿಡಿದು ಬಿಸಿನೀರು ಹೀರುತ್ತ ಅಡ್ಡಾಡುತ್ತಿದ್ದಾರೆ. ಕಂಬಗಳು ನಡುವಿನಲ್ಲಿ ಒಂದೆಳೆ ದಪ್ಪ. ದೂರದಿಂದ ನೋಡಿದರೆ ನೇರ ಕಾಣಲಿ ಎಂದು ಹಾಗೆ ಮಾಡುತ್ತಾರೆ, ಅದು ತಿಳಿದವನ ಕೈ. ಹೊಳೆಯ ದಂಡೆಗೆ ಒತ್ತಿಕೊಂಡು ನಿಂತ ಮನೆಗಳಿಗೆ ಬೆಣ್ಣೆ ಬಣ್ಣ, ತಿಳಿ ಗುಲಾಬಿ ಬಣ್ಣ. ಕಿಟಕಿ ಕಿಟಕಿಯ ಮೇಲೂ ಗಾರೆಯಲ್ಲಿ ತೀಡಿದ ಹೂವಿನ ಸರ, ದ್ರಾಕ್ಷಿ ಗೊಂಚಲು, ಹೆಣ್ಣಿನ ಮುಖ. ಒಂದು ಸರದ ಎಲೆ ಇನ್ನೊಂದರ ಹಾಗಿಲ್ಲ. ಅಚ್ಚಿನಲ್ಲಿ ಒತ್ತಿದ್ದಲ್ಲ, ಕರಣೆಯಲ್ಲಿ ತೀಡಿದ್ದು.

"ಅಮ್ಮ, ಈ ಗಾರೆ ಮಾಡ್ದೋನ್ ಹೆಸ್ರು ಬರೆದವ್ರಾ ಇದ್ರಲ್ಲಿ?" ಎಂದು ಕೇಳಿದೆ.

ಅವರು ಕನ್ನಡಕ ಏರಿಸಿ ಹುಡುಕಿದರು. "ಕಟ್ಟಿಸಿದ ರಾಜನ ಹೆಸರಿದೆ, ಮೇಸ್ತ್ರಿ. ನಕ್ಷೆ ಮಾಡಿದವರದ್ದೂ ಇದೆ."

"ಮೇಸ್ತ್ರೀದು?"

"ಇಲ್ಲ."

"ಅಲ್ಲೂ ಅದೇಯಾ" ಎಂದೆ. ಅವರು ನಕ್ಕರು. ನಾನು ನಗಲಿಲ್ಲ.

ಆಮೇಲೆ ಅವರು ತೋರಿಸಿದ್ದು ಸ್ನಾನದ ಮನೆ. ದುಂಡನೆಯ ಕೋಣೆ, ಸುತ್ತ ಗಿಡ್ಡ ಕಂಬಗಳು, ನಡುವೆ ಕೊಳ, ಮೇಲೆ ಗುಮ್ಮಟ. ಗುಮ್ಮಟದ ನೆತ್ತಿಯಲ್ಲಿ ದುಂಡಗೆ ಒಂದು ತೂತು, ಅದರಿಂದ ಬೆಳಕು ಕಂಬದ ಹಾಗೆ ನೀರಿಗೆ ಇಳಿದಿತ್ತು. "ಇಷ್ಟು ದೊಡ್ಡದು ಬೇಡ. ಹನ್ನೆರಡು ಅಡಿ ಸಾಕು. ಕೊಳದ ಬದಲು ಸುತ್ತ ಕಲ್ಲಿನ ಕಾಲ್ದೊಟ್ಟಿ, ಕಾಲಿಟ್ಟು ಕೂರೋಕೆ. ಎಂಜಿನಿಯರು ಕಾಂಕ್ರೀಟಿನಲ್ಲಿ ಮಾಡೋಣ ಅಂತಾರೆ. ನೀವೇನು ಹೇಳ್ತೀರಿ?"

"ಕಾಂಕ್ರೀಟು ಯಾಕಮ್ಮ? ಇಟ್ಟಿಗೆ ಸುಣ್ಣದಾಗೇ ಎತ್ತಿಕೊಡ್ತೀನಿ. ಬಿದ್ರೆ ಕರಣೆ ಮುಟ್ಟಾಕಿಲ್ಲ ಇನ್ನ" ಎಂದುಬಿಟ್ಟೆ. ಅವರ ಜೊತೆ ಬಂದಿದ್ದ ಎಂಜಿನಿಯರು ಪಕ್ಕದಲ್ಲೇ ನಿಂತಿದ್ದರು. ಅವರ ಮುಂದೆ ಹೇಳಿದ ಮಾತು ಅದು. ಅವರು "ಸರಿ, ನೀವುಂಟು ನಿಮ್ಮ ಗುಮ್ಮಟ ಉಂಟು" ಎಂದು ಕಾರು ಹತ್ತಿ ಹೋದರು.

ಕೆಲಸಕ್ಕೆ ನನ್ನ ಜೊತೆ ಇಬ್ಬರು. ಇಟ್ಟಿಗೆ ಕೊಡಲು ಲೊಕ್ಕನಹಳ್ಳಿಯವನೊಬ್ಬ, ನನಗಿಂತ ಐದಾರು ವರ್ಷ ಚಿಕ್ಕವನು, ಬಾಯಿ ಮಾತ್ರ ದೊಡ್ಡದು. ಗಾರೆ ಕಲಸಲು ಒಬ್ಬ ಅಕ್ಕ. ನನ್ನ ಅಪ್ಪನ ಕಾಲದಿಂದ ಸುಣ್ಣ ಅರೆದವರು, ವಯಸ್ಸು ಅವರಿಗೇ ಗೊತ್ತಿಲ್ಲ. ಗಾರೆಯನ್ನು ಕೈಯಲ್ಲಿ ಹಿಡಿದು ಹಿಂಡಿ, ಮೂಗಿಗೆ ಹಿಡಿದು, ಹದ ಹೇಳುತ್ತಾರೆ.

ಮಧ್ಯಾಹ್ನ ಊಟದ ಹೊತ್ತಿಗೆ ಡಾಕ್ಟರಮ್ಮ ಪುಸ್ತಕ ತಂದು ಆ ಊರಿನ ಕಥೆಗಳನ್ನು ಓದಿ ಹೇಳುತ್ತಿದ್ದರು. ಬಿಸಿನೀರು ಸಿಕ್ಕಿದ್ದು ಹೇಗೆಂದು ಒಂದು ಕಥೆ. ಹಂದಿ ಕಾಯುವವನೊಬ್ಬನಿಗೆ ಮೈತುಂಬ ಕಜ್ಜಿಯಂತೆ. ಊರವರು ಹತ್ತಿರ ಸೇರಿಸುತ್ತಿರಲಿಲ್ಲ. ಅವನ ಹಂದಿಗಳಿಗೂ ಕಜ್ಜಿ. ಹಿಮ ಬೀಳುವ ಕಾಲದಲ್ಲಿ ಒಂದು ಹೆಣ್ಣು ಹಂದಿ ತಪ್ಪಿಸಿಕೊಂಡು ಹೋಗಿ ಮೂರು ದಿನದ ಮೇಲೆ ಬಂತು. ಮೈಯೆಲ್ಲ ಬೆಚ್ಚನೆಯ ಕೆಸರು, ಕೆಸರು ಉದುರಿದರೆ ಒಳಗೆ ನುಣ್ಣನೆಯ ಚರ್ಮ. ಅವನು ಹಂದಿಯ ಹಿಂದೆ ಹೋದ, ಹೊಗೆಯಾಡುವ ಗುಂಡಿ ಕಂಡ, ತಾನೂ ಬಿದ್ದು ಹೊರಳಿದ. ಅಲ್ಲೇ ಊರು ಬೆಳೆಯಿತು. ಇವತ್ತಿಗೂ ಸ್ನಾನದ ಮನೆಯ ಬಾಗಿಲ ಮೇಲೆ ಕಲ್ಲಿನ ಹಂದಿ ಇದೆಯಂತೆ.

ಲೊಕ್ಕನಹಳ್ಳಿಯವನು ಮುದ್ದೆ ನುಂಗಿ ಹೇಳಿದ: "ನಮ್ಮೂರ ಅಂದಿಗೋಳು ದಿನಾ ಬತ್ತವೆ ಅಮ್ಮ. ಒಂದ್ ದಿನಾನೂ ಬಿಸ್ನೀರು ತೋರುಸ್ನಿಲ್ಲ. ನಾವ್ ಮುಸುಕಿನ ಜೋಳ ಎಲ್ ಆಕಿದ್ದೀವಿ ಅಂತ ಅವಕ್ಕೆ ನಾವೇ ತೋರ್ಸುದ್ವಿ."

"ನೀನೂ ಅವುಗೋಳ್ ಇಂದೆ ಓಗಿ ಒರಳಾಡು. ಬಾಯಾದ್ರೂ ವಾಸಿಯಾದಾತು" ಎಂದರು ಅಕ್ಕ. ಡಾಕ್ಟರಮ್ಮ ನಕ್ಕು ನಕ್ಕು ಪುಸ್ತಕ ಕೆಳಗಿಟ್ಟರು.

ಗುಮ್ಮಟ ಮೇಲೇರಿತು. ನಡುವೆ ಒಂದು ಗೂಟ, ಗೂಟಕ್ಕೆ ಹುರಿ. ಹುರಿ ಎಷ್ಟು ದೂರ ಹೋಗುತ್ತದೋ ಅಲ್ಲಿ ಇಟ್ಟಿಗೆಯ ಮೂತಿ. ಒಂದು ಸುತ್ತು ಮುಗಿದರೆ ಅದರ ಮೇಲೆ ಇನ್ನೊಂದು ಸುತ್ತು, ಸ್ವಲ್ಪ ಒಳಕ್ಕೆ. ಕೆಳಗೆ ಹಲಗೆ ಕೊಡಲಿಲ್ಲ, ಅಚ್ಚು ಕೊಡಲಿಲ್ಲ. ದಿನಕ್ಕೆ ಎರಡು ಸುತ್ತು, ಒಂದೊಂದು ದಿನ ಒಂದೇ. ರಸ್ತೆಯಲ್ಲಿ ಹೋಗುವವರು ನಿಂತು ನೋಡುತ್ತಿದ್ದರು. ನೋಡಲಿ ಎಂದೇ ನಾನೂ ನಿಧಾನ ಮಾಡುತ್ತಿದ್ದೆ, ಸುಳ್ಳು ಯಾಕೆ ಹೇಳಲಿ.

ನೆತ್ತಿಗೆ ಇನ್ನೆರಡು ಅಡಿ ತೂತು ಉಳಿದಿದ್ದಾಗ ಡಾಕ್ಟರಮ್ಮ ನಾಲ್ಕು ದಿನ ಮೈಸೂರಿಗೆ ಹೋದರು. ಅಲ್ಲಿ ನಾನು ತಪ್ಪಿದ್ದು.

ನಮ್ಮ ಕಡೆ ತಲೆ ಮುಚ್ಚದ ಕಟ್ಟಡವನ್ನು ಮೇಸ್ತ್ರಿ ಒಪ್ಪಿಸುವುದಿಲ್ಲ. ಕೊನೆಯ ಇಟ್ಟಿಗೆಯನ್ನು ಮೇಸ್ತ್ರಿಯೇ ಇಡಬೇಕು. ಕಾಯಿ ಒಡೆದು, ಅರಿಸಿನ ಕುಂಕುಮ ಹಚ್ಚಿ, ಆಮೇಲೆ ಇಳಿಯಬೇಕು. ತೂತು ಬಿಟ್ಟು ಇಳಿದರೆ ಕೆಲಸ ಅರ್ಧಕ್ಕೆ ಬಿಟ್ಟವನು ಎನ್ನುತ್ತಾರೆ. ನಾನು ಕಂಡ ಗುಮ್ಮಟಗಳನ್ನೆಲ್ಲ ಲೆಕ್ಕ ಹಾಕಿದೆ. ಮಸೀದಿಯದಕ್ಕೆ ಮೇಲೆ ಚಂದ್ರ ಇದೆ. ದೇವಸ್ಥಾನದ ಗೋಪುರಕ್ಕೆ ಕಳಶ. ಒಡೆಯರಪಾಳ್ಯದ ಟಿಬೆಟಿನವರ ಗಂಟೆಯಾಕಾರದ ಬಿಳಿ ಗೋಪುರಕ್ಕೂ ಮೇಲೆ ಚೂಪು ಉಂಟು. ತಲೆಯಲ್ಲಿ ತೂತಿರುವುದು ಯಾವುದೂ ಇಲ್ಲ. ಪುಸ್ತಕದ ಚಿತ್ರ ನೆನಪಾಯಿತು. ನೂರಾರು ವರ್ಷದ ಕಟ್ಟಡ, ನೆತ್ತಿಯ ಇಟ್ಟಿಗೆ ಎಂದೋ ಬಿದ್ದುಹೋಗಿದೆ, ರಿಪೇರಿ ಮಾಡುವ ಕೈ ಇಲ್ಲದೆ ಹಾಗೇ ಬಿಟ್ಟಿದ್ದಾರೆ ಎಂದು ತೀರ್ಮಾನಿಸಿದೆ. ಅವರಿಂದ ಆಗದ್ದನ್ನು ನಾನು ಮಾಡುತ್ತೇನೆ ಎನ್ನಿಸಿತು. ಮುಚ್ಚಿದೆ. ಮೇಲೆ ಗಾರೆಯಲ್ಲಿ ಎಂಟೆಸಳಿನ ಕಮಲ ತೀಡಿದೆ. ಒಳಗೆ ನುಣ್ಣಗೆ ಸುಣ್ಣದ ಮೆರುಗು ಕೊಟ್ಟೆ, ಮುಖ ಕಾಣಬೇಕು ಹಾಗೆ.

ಡಾಕ್ಟರಮ್ಮ ಬಂದು ತಲೆಯೆತ್ತಿ ಬಹಳ ಹೊತ್ತು ನೋಡಿದರು.

"ಮೇಸ್ತ್ರಿ, ಬೆಳಕಿಂಡಿ?"

"ಅದು ಅವರ ಕಡೆ ಬಿದ್ದೋಗಿತ್ತಲ್ಲಮ್ಮ. ನಾನ್ ಸರಿ ಮಾಡೀವ್ನಿ."

ಕಮಲವನ್ನು ನೋಡಿದರು, ನನ್ನ ಮುಖ ನೋಡಿದರು. "ಚೆನ್ನಾಗಿದೆ" ಎಂದರು. ದೊಡ್ಡ ಮನಸ್ಸಿನವರು. ಅವತ್ತು ಅವರು ಬೈದಿದ್ದರೆ ಎಷ್ಟೋ ವಾಸಿಯಿತ್ತು.

ಸುಣ್ಣ ಒಣಗಲು ತಿಂಗಳು ಬಿಟ್ಟೆವು. ಬಾಗಿಲು ತೆರೆಯುವ ದಿನ ಗೊತ್ತಾಯಿತು. ಇನ್ನೆಂಟು ದಿನವಿದೆ ಎನ್ನುವಾಗ ಪರೀಕ್ಷೆಗೆಂದು ಹಂಡೆಗೆ ಸೌದೆ ಹಾಕಿ ಉರಿ ಮಾಡಿದೆವು. ಅಲ್ಲಿ ಭೂಮಿ ಕಾಯಿಸುತ್ತದೆ, ನಮ್ಮಲ್ಲಿ ಜಾಲಿ ಸೌದೆ ಕಾಯಿಸಬೇಕು. ಕಾಲ್ದೊಟ್ಟಿಗಳಿಗೆ ಬಿಸಿನೀರು ಬಿಟ್ಟೆವು. ಅರ್ಧ ಗಂಟೆಯಲ್ಲಿ ಒಳಗೆ ಎದುರಿನವನ ಮುಖ ಕಾಣಲಿಲ್ಲ. ಹಬೆ ಮೇಲೇರಿ, ಹೋಗಲು ದಾರಿಯಿಲ್ಲದೆ, ನನ್ನ ಮೆರುಗಿಗೆ ತಗುಲಿ ನೀರಾಗಿ ತೊಟ್ಟಿಕ್ಕತೊಡಗಿತು. ಕೂತವರ ತಲೆ ಮೇಲೆ, ಕೊರಳಲ್ಲಿ, ಬೆನ್ನಲ್ಲಿ. ಲೊಕ್ಕನಹಳ್ಳಿಯವನು ಟವಲು ಹೊದ್ದು ಹೊರಗೆ ಓಡಿದ. "ಮೇಸ್ತ್ರಣ್ಣ, ಒಳಗ್ ಮಳೆ ಉಯ್ತಾ ಅದೆ ಕಣಣ್ಣ!"

ಮಾರನೇ ದಿನ ಇನ್ನೊಂದು ಸಲ ಕಾಯಿಸಿದೆವು. ಸಂಜೆಯೊಳಗೆ ನೆತ್ತಿಯ ಸುತ್ತ ಮೆರುಗು ಉಬ್ಬಿತು. ಮೂರನೇ ದಿನ ಅಂಗೈಯಗಲದ ಮೆರುಗಿನ ಹೆಕ್ಕಳ ಕಾಲ್ದೊಟ್ಟಿಯೊಳಗೆ ಪ್ಲಕ್ಕೆಂದು ಬಿತ್ತು. ಯಾರೂ ಕೂತಿರಲಿಲ್ಲ. ಕೂತಿದ್ದರೆ?

ಡಾಕ್ಟರಮ್ಮ ಆಗ ಪುಸ್ತಕ ತಂದು, ಮೊದಲೇ ಓದಬೇಕಿದ್ದ ಹಾಳೆಯನ್ನು ಓದಿದರು. ಆ ಊರಿನಲ್ಲಿ ಮೊದಲು ಕಟ್ಟಿದವನೂ ಗುಮ್ಮಟವನ್ನು ಪೂರಾ ಮುಚ್ಚಿದ್ದನಂತೆ. ಆ ಚಳಿಗಾಲ ಊಟೆಯ ನೀರು ನಿಂತುಹೋಯಿತಂತೆ. ಭೂಮಿಯ ಕತ್ತಲಿಂದ ಅಷ್ಟು ದೂರ ಬಂದ ನೀರಿನ ಹೆಣ್ಣಿಗೆ ಆಕಾಶ ಕಾಣದೆ ಸಿಟ್ಟು ಬಂತು ಎಂದು ಜನ ಹೇಳಿದರು. ನೆತ್ತಿ ತೆರೆದರು. ಅವಳು ಮತ್ತೆ ಉಕ್ಕಿದಳು.

"ಕಥೆ ಅದು. ವಿಷಯ ಏನಂದ್ರೆ ಹಬೆ ಹೋಗೋಕೆ ದಾರಿ" ಎಂದರು.

"ತಪ್ಪು ಮಾಡ್ದೋನು ಅಲ್ಲಿ ಮೇಸ್ತ್ರಿ. ಅದ್ನ ನೀರಿನ ಎಣ್ಣಿನ ಮ್ಯಾಕೆ ಆಕವ್ನೆ" ಎಂದೆ. ನಗಿಸಲು ಹೇಳಿದೆ.

ಎಂಜಿನಿಯರು ಬಂದು ನೋಡಿದರು. ಬೈಯಲಿಲ್ಲ, ಅದೇ ಕಷ್ಟ. "ನೆತ್ತಿ ಕಿತ್ತರೆ ಪೂರಾ ಕುಸಿಯುತ್ತೆ. ಎಲ್ಲ ಇಳಿಸಿ ತಗಡು ಹಾಕಿ, ಐದು ದಿನದಲ್ಲಿ ಮುಗಿಯುತ್ತೆ" ಎಂದರು. ಡಾಕ್ಟರಮ್ಮ ನನ್ನ ಕಡೆ ನೋಡಿದರು. ಒಂದು ದಿನ ಟೈಮು ಕೊಡಿ ಎಂದೆ.

ಬೇಲಿ ಪಕ್ಕ ಕಲ್ಲಿನ ಮೇಲೆ ಕೂತೆ. ಆ ಎರಡು ದಿನ ನನಗೆ ಊಟ ಸೇರಿರಲಿಲ್ಲ. ಮನೆಯಲ್ಲಿ ಯಾರಿಗೂ ಹೇಳಿರಲಿಲ್ಲ. ತಗಡು ಎಂಬ ಮಾತೇ ಕಿವಿಯಲ್ಲಿ ಕೂತಿತ್ತು. ನನ್ನ ಗುಮ್ಮಟದ ಜಾಗದಲ್ಲಿ ತಗಡು, ಬಸ್ಸಿನಲ್ಲಿ ಹೋಗುವವರು ನೋಡುತ್ತಾರೆ. ಬಿದ್ದರೆ ಕರಣೆ ಮುಟ್ಟುವುದಿಲ್ಲ ಎಂದಿದ್ದೆ. ಆಡಿದ ಮೇಲೆ ಉಳಿಸಿಕೊಳ್ಳಬೇಕಲ್ಲ. ಕರಣೆ ಬಿಟ್ಟರೆ ನನಗೆ ಬೇರೆ ಏನು ಬರುತ್ತದೆ?

ಅಕ್ಕ ಬಂದು ಎದುರಿಗೆ ಕುಕ್ಕರಗಾಲಲ್ಲಿ ಕೂತು ಎಲೆಗೆ ಸುಣ್ಣ ಹಚ್ಚಿಕೊಂಡರು.

"ಯಾಕ್ ಇಂಗ್ ಮಂಕಾಗಿ ಕುಂತಿದ್ದೀಯೆ?"

"ನೆತ್ತಿ ಬಿಚ್ಚುದ್ರೆ ಬೀಳ್ತದಂತೆ ಅಕ್ಕ."

"ಯಾರಂದ್ರು?"

"ಓದ್ದೋರು."

ಅಕ್ಕ ಎಲೆ ಮಡಿಸಿ ದವಡೆಗಿಟ್ಟರು. "ಅಲ್ಲ ಕಣಪ್ಪ, ಕಟ್ಟೋವಾಗ ದಿನಾ ಸಂಜೆ ತೂತ್ ಬುಟ್ಟೇ ತಾನೇ ಮನೆಗ್ ಓಯ್ತಿದ್ವಿ? ಮೊದ್ಲು ಬಂಡಿ ಗಾಲಿಯಷ್ಟು ತೂತಿತ್ತು, ಆಮೇಲೆ ಮೊರದಷ್ಟು, ಆಮೇಲೆ ತಟ್ಟೆಯಷ್ಟು. ಬೆಳಗ್ಗೆ ಬಂದಾಗ ಒಂದಿನಾನಾರೂ ಬಿದ್ದಿತ್ತಾ?"

ನಾನು ಅವರ ಮುಖ ನೋಡಿದೆ. ಬೀಳಲಿಲ್ಲ. ಒಂದು ದಿನವೂ ಬೀಳಲಿಲ್ಲ. ಸುತ್ತು ಪೂರ್ತಿಯಾಗಿದ್ದರೆ ಇಟ್ಟಿಗೆಗಳು ಒಂದನ್ನೊಂದು ಒತ್ತಿಕೊಂಡು ನಿಲ್ಲುತ್ತವೆ, ನಡುವಿನಲ್ಲಿ ಏನೂ ಬೇಕಿಲ್ಲ. ಅರ್ಧ ಸುತ್ತಿಗೆ ಕೆಲಸ ನಿಲ್ಲಿಸಬೇಡ ಎಂದು ಅಪ್ಪ ಗದರುತ್ತಿದ್ದುದು ಅದಕ್ಕೇ. ನನ್ನ ಕೈಗೆ ಅದು ಗೊತ್ತಿತ್ತು. ನನ್ನ ತಲೆಗೆ ಎಂಜಿನಿಯರು ಹೇಳಿದ್ದಷ್ಟೇ ಕೇಳಿಸಿತ್ತು.

"ಅಕ್ಕ, ಇದನ್ ಆಗ್ಲೇ ಯೋಳಬಾರದಾಗಿತ್ತಾ?"

"ನೀನ್ ಕೇಳುದ್ಯಾ? ನೀನು ಮೇಸ್ತ್ರಿ" ಎಂದು ಎದ್ದು ಸೆರಗು ಕೊಡವಿ ಹೋದರು.

ಡಾಕ್ಟರಮ್ಮನಿಗೆ ಹೇಳಿ ಒಪ್ಪಿಸಿ, ಮಾರನೇ ಬೆಳಿಗ್ಗೆ ನೆತ್ತಿ ಬಿಚ್ಚಲು ಶುರು ಮಾಡಿದೆವು. ಹೊಸದಾಗಿ ಕಟ್ಟುವುದು ಬೇರೆ, ಗಟ್ಟಿಯಾದದ್ದನ್ನು ಬಿಚ್ಚುವುದು ಬೇರೆ. ಹೊಡೆತದ ಅದುರು ಕೆಳಗಿನ ಸುತ್ತುಗಳಿಗೆ ಇಳಿದರೆ ಸೀಳು ಬಿಡಬಹುದು. ಬಿಚ್ಚುವ ಎರಡಡಿಗೆ ಮಾತ್ರ ಒಳಗಿನಿಂದ ನೀಲಗಿರಿ ಕಂಬ ಕೊಟ್ಟು, ಮೇಲೆ ಹಲಗೆ, ಹಲಗೆ ಮೇಲೆ ಗೋಣಿಚೀಲ ತುಂಬಿದೆವು. ಆಮೇಲೆ ಒಳಗೆ ಯಾರೂ ಇರಕೂಡದೆಂದು ಬಾಗಿಲಿಗೆ ಹಗ್ಗ ಕಟ್ಟಿಸಿದೆ. ಗುಮ್ಮಟದ ಮೇಲೆ ಭಾರ ಬೀಳದ ಹಾಗೆ ಆ ಕಡೆಯಿಂದ ಈ ಕಡೆಗೆ ಬಿದಿರಿನ ಅಟ್ಟಣೆ ಕಟ್ಟಿ, ಅದರ ಮೇಲೆ ನಾನು ಬೋರಲಾಗಿ ಮಲಗಿದೆ. ಸುತ್ತಿಗೆ ಮುಟ್ಟಲಿಲ್ಲ. ಸಣ್ಣ ಉಳಿ, ಗರಗಸದ ತುಂಡು, ಕೈ.

ಮೊದಲು ಕಮಲ. ನಾನೇ ತೀಡಿದ ಎಸಳುಗಳನ್ನು ನಾನೇ ಒಂದೊಂದಾಗಿ ಕೆತ್ತಿ ತೆಗೆದೆ. ಲೊಕ್ಕನಹಳ್ಳಿಯವನು ಏಣಿ ಮೇಲಿಂದ ಬುಟ್ಟಿ ಹಿಡಿದು ಈಸಿಕೊಳ್ಳುತ್ತಿದ್ದ. ಬೆಳಗಿನಿಂದ ಅವನು ಒಂದು ಮಾತೂ ಆಡಿರಲಿಲ್ಲ. ಅದೇ ನನಗೆ ಹೆಚ್ಚು ಹೆದರಿಕೆ ತಂದಿತು.

"ಏನಾದ್ರೂ ಮಾತಾಡ್ಲಾ" ಎಂದೆ.

"ಬಿದ್ರೆ ಯಾವ್ ಕಡೀಕ್ ನೆಗೀಬೇಕು ಅಂತ ನೋಡ್ತಾ ಇವ್ನಿ ಕಣಣ್ಣ, ಸುಮ್ಕಿರು" ಎಂದ.

ನಗು ಬಂತು. ಉಳಿ ಜಾರದಿರಲಿ ಎಂದು ನಗುವನ್ನು ನುಂಗಿದೆ.

ನಡುವಿನ ಇಟ್ಟಿಗೆ ಬಂತು. ಅದರ ಸುತ್ತಿನವು ಬಂದವು. ಮೂರನೇ ಸುತ್ತಿನಲ್ಲಿ ಉಳಿ ಆಡಿಸುವಾಗ ಒಳಗಿನಿಂದ ಟಕ್ ಎಂದು ಸದ್ದಾಯಿತು. ಉಳಿ ಹಾಗೇ ನಿಲ್ಲಿಸಿದೆ. ಬಾಗಿಲ ಹಗ್ಗದ ಆಚೆ ನಿಂತಿದ್ದ ಡಾಕ್ಟರಮ್ಮ "ಮೇಸ್ತ್ರಿ, ಸಾಕು, ಇಳೀರಿ" ಎಂದು ಕೂಗಿದರು. ಅಕ್ಕ ಕೆಳಗಿನಿಂದ ಒಳಗೆ ಇಣುಕಿ ನೋಡಿ, "ಮೆರುಗು ಕಣಪ್ಪ, ಬಿದ್ದದ್ದು ಬರೀ ಮೆರುಗು. ನೀನ್ ನೋಡ್ಕ ನಿನ್ ಕ್ಯಾಮೆ" ಎಂದರು.

ಮೂರನೇ ಸುತ್ತೂ ಬಂತು. ನಾಲ್ಕನೆಯದನ್ನು ಮುಟ್ಟಲಿಲ್ಲ. ಅದರ ಅಂಚನ್ನು ಸವರಿ, ಹೊಸ ಗಾರೆ ತುಂಬಿ, ಇಟ್ಟಿಗೆಗಳನ್ನು ನಿಲ್ಲಿಸಿ ಒಂದು ಬಿಗಿ ಸುತ್ತು ಕೊಟ್ಟೆ, ಬಳೆಯ ಹಾಗೆ. ಎರಡು ದಿನ ಒದ್ದೆ ಗೋಣಿ ಹೊದಿಸಿ ಕಾಯ್ದೆವು. ಮೂರನೇ ದಿನ ಬೆಳಿಗ್ಗೆ ಒಳಗಿನ ಆಸರೆ ತೆಗೆಯಬೇಕು. ಬೇರೆಯವರನ್ನು ಕಳಿಸಲು ಮನಸ್ಸಾಗಲಿಲ್ಲ. ನಾನೊಬ್ಬನೇ ಹಗ್ಗ ದಾಟಿ ಒಳಗೆ ಹೋದೆ. ಕಂಬದ ಬುಡದ ಬೆಣೆಯನ್ನು ಒದ್ದು ಬಿಡಿಸಿದೆ. ಕಂಬ ವಾಲಿತು, ಹಲಗೆ ಬಿತ್ತು, ಗೋಣಿಚೀಲಗಳು ಧೊಪ್ಪನೆ ಬಿದ್ದು ದೂಳೆದ್ದಿತು. ನಾನು ಗೋಡೆಗೆ ಬೆನ್ನು ಕೊಟ್ಟು ಕಣ್ಣು ಮುಚ್ಚಿದ್ದೆ.

ದೂಳು ಕೂತ ಮೇಲೆ ಕಣ್ಣು ಬಿಟ್ಟರೆ, ನೆಲದ ಮೇಲೆ ಒಂದು ದುಂಡನೆಯ ಬಿಸಿಲು ಬಿದ್ದಿತ್ತು. ತಲೆಯೆತ್ತಿದೆ. ನೆತ್ತಿಯಲ್ಲಿ ನೀಲಿ. ಒಂದು ಇಟ್ಟಿಗೆಯೂ ಕದಲಿರಲಿಲ್ಲ. ಸೀಳೆಲ್ಲಿದೆ ಎಂದು ಕಣ್ಣಲ್ಲೇ ಸುತ್ತು ಸುತ್ತು ಹುಡುಕಿದೆ, ಕೂದಲೆಳೆಯಷ್ಟೂ ಇರಲಿಲ್ಲ. ಕಾಲ್ದೊಟ್ಟಿಯ ಕಟ್ಟೆ ಮೇಲೆ ಕೂತುಬಿಟ್ಟೆ. ಹೊರಗಿನಿಂದ ಮೂರು ಜನ ಒಟ್ಟಿಗೆ ಕೂಗುತ್ತಿದ್ದರು. ಹಗ್ಗ ಬಿಚ್ಚಿ ಬನ್ನಿ ಎಂದೆ.

ಮಧ್ಯಾಹ್ನ ಹಂಡೆಗೆ ಉರಿ ಹಾಕಿದೆವು. ಹಬೆ ಎದ್ದಿತು, ಗೋಡೆ ಹಿಡಿದು ಮೇಲೇರಿತು, ನೆತ್ತಿಯ ಬಳಿ ಸುತ್ತಿಕೊಂಡು ನೆಟ್ಟಗೆ ಹೊರಗೆ ಹೋಯಿತು. ಒಂದು ತೊಟ್ಟು ಬೀಳಲಿಲ್ಲ. ಮಳೆ ಬಂದರೆ ಏನು ಮಾಡುವುದೆಂದು ಡಾಕ್ಟರಮ್ಮ ಕೇಳಿದರು. ಗೇಣುದ್ದದ ನಾಲ್ಕು ಕಾಲು ಕೊಟ್ಟು ಮೇಲೆ ಗಾಜು ಕೂರಿಸುತ್ತೇನೆ, ಹಬೆ ಪಕ್ಕದಿಂದ ಹೋಗುತ್ತದೆ ಎಂದೆ. ಈ ಸಲ ಮೊದಲೇ ಕಾಗದದ ಮೇಲೆ ಬರೆದು ತೋರಿಸಿ, ಅವರು ಹೂಂ ಎಂದ ಮೇಲೆಯೇ ಮಾಡಿದೆ.

ನೆತ್ತಿ ತೆರೆದ ಮೇಲೆ ಮೊದಲು ನೀರಿಗೆ ಕಾಲಿಟ್ಟವರು ಅಕ್ಕ. ಡಾಕ್ಟರಮ್ಮನೇ ಕೈ ಹಿಡಿದು ಕೂರಿಸಿದರು. ಸುಣ್ಣ ತಿಂದು ಬಿರಿದ ಹಿಮ್ಮಡಿ ನೀರಿಗೆ ಇಳಿದಾಗ ಅವರು ಹಲ್ಲು ಕಚ್ಚಿ ಸೊಯ್ಯೆಂದರು. ಆಮೇಲೆ ನಿಧಾನವಾಗಿ ಬೆನ್ನು ಗೋಡೆಗೆ ಆನಿಸಿದರು.

"ಎಂಗದೆ ಅಕ್ಕ?"

"ಮಾತಾಡುಸ್ಬೇಡ, ಓಗಪ್ಪ" ಎಂದರು, ಕಣ್ಣು ಮುಚ್ಚಿಕೊಂಡೇ.

ಹೊರಗೆ ಬಂದಾಗ ಹಸಿವಾಯಿತು. ಲೊಕ್ಕನಹಳ್ಳಿಯವನ ಬುತ್ತಿಯಲ್ಲಿದ್ದ ಮುದ್ದೆ ನನ್ನದಾಯಿತು, ಅವನು ಬೈಯುತ್ತ ನೋಡಿದ. ಕೈ ತೊಳೆದು ಹೆಂಡತಿಗೆ ಫೋನು ಮಾಡಿದೆ.

"ನಿಂತದೆ ಕಣೇ" ಎಂದೆ.

"ಏನು?"

"ಗುಮ್ಮಟ."

"ಬೀಳ್ತದೆ ಅಂತ ಯಾರಂದಿದ್ರು?"

ನಾನು ಅತ್ತಿತ್ತ ನೋಡಿದೆ. "ಯಾರೂ ಇಲ್ಲ" ಎಂದೆ.

"ಇದ್ಕಾ ಫೋನ್ ಮಾಡುದ್ರಿ? ಬತ್ತಾ ಕೊತ್ತಂಬ್ರಿ ಸೊಪ್ಪು ತಕಬನ್ನಿ, ಮನೇಲಿಲ್ಲ."

ಕೊಳ್ಳೇಗಾಲದ ಮಾರ್ಕೆಟ್ಟಿನಲ್ಲಿ ಬೈಕು ನಿಲ್ಲಿಸಿ, ಇರುವುದರಲ್ಲಿ ಹಸಿರಾದ ಎರಡು ಕಟ್ಟು ಆರಿಸಿಕೊಂಡು ಮನೆಗೆ ಹೋದೆ.